ಬಾಯೊಳಗೆ ಕೂರಿಸಿದ ಲೋಹದ ಹೆಸರು ಬಿಲ್ಲಿನಲ್ಲಿರಲಿ

ಮಾನ್ಯ ಸಂಪಾದಕರೇ,

ಹಲ್ಲಿನ ತೂತಿಗೆ ತುಂಬುವ ಪಾದರಸದ ಸಿಲ್ವರ್ ಫಿಲ್ಲಿಂಗ್ 2034ರೊಳಗೆ ಎಲ್ಲ ಕಡೆ ನಿಲ್ಲಬೇಕು ಅಂತ 2025ರ ನವೆಂಬರಿನಲ್ಲಿ ಜಿನೀವಾದಲ್ಲಿ ತೀರ್ಮಾನವಾಯಿತು. ಪಾದರಸದ ಬಳಕೆ ತಗ್ಗಿಸೋಕೆ ಮಾಡಿಕೊಂಡ ಮಿನಮಾಟಾ ಒಪ್ಪಂದದ ದೇಶಗಳ ಸಭೆ ಅದು. ನಮ್ಮ ದೇಶವೂ 2018ರಲ್ಲೇ ಆ ಒಪ್ಪಂದವನ್ನು ಒಪ್ಪಿಕೊಂಡಿದೆ. ಸುದ್ದಿ ವಾಟ್ಸಾಪಿಗೆ ಬಂದದ್ದೇ ತಡ, ನೆಂಟರು, ಓಣಿಯವರು, ಟೀ ಅಂಗಡಿಯಲ್ಲಿ ಸಿಕ್ಕವರು ಎಲ್ಲ ನನ್ನ ಮುಂದೆ ಬಾಯಿ ತೆರೆದು, "ಇದು ಪಾದರಸದ್ದೇ ಅಲ್ವಾ? ತೆಗೆಸಿಬಿಡ್ಲಾ?" ಅಂತ ಕೇಳೋಕೆ ಶುರು ಮಾಡಿದರು.

ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಒಂದು ಸಣ್ಣ ಡೆಂಟಲ್ ಲ್ಯಾಬ್ ನಡೆಸುತ್ತೇನೆ. ಡಾಕ್ಟರ್‌ಗಳು ಕಳಿಸಿದ ಅಳತೆ ನೋಡಿ ಕ್ಯಾಪ್ (ಹಲ್ಲಿನ ಮೇಲೆ ಕೂರಿಸುವ ಟೊಪ್ಪಿ), ಬ್ರಿಡ್ಜ್ (ಬಿದ್ದ ಹಲ್ಲಿನ ಜಾಗ ತುಂಬೋಕೆ ಅಕ್ಕಪಕ್ಕದ ಹಲ್ಲಿಗೆ ಸೇರಿಸಿ ಕೂರಿಸುವ ಕ್ಯಾಪುಗಳ ಸಾಲು), ಹಲ್ಲಿನ ಸೆಟ್ ಮಾಡಿಕೊಡುವುದು ನನ್ನ ಕೆಲಸ. ಅದಕ್ಕೂ ಮೊದಲು, ಪಿಯುಸಿ ಮುಗಿಸಿದ ವಯಸ್ಸಿನಲ್ಲಿ, ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರ್ ಪಕ್ಕ ನಿಂತು, ಕ್ಯಾಪನ್ನು ಹಲ್ಲಿಗೆ ಕೂರಿಸುವ ಸಿಮೆಂಟ್ ಕಲಸುವ ಹುಡುಗನಾಗಿದ್ದೆ. ಹಾಗಾಗಿ ಬಾಯೊಳಗೆ ಏನೇನು ಹೋಗುತ್ತದೆ ಅನ್ನುವುದನ್ನು ಎರಡೂ ಕಡೆಯಿಂದ ನೋಡಿದ್ದೇನೆ.

ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ. ಗಟ್ಟಿಯಾಗಿ ಕೂತಿರುವ ಹಳೆ ಫಿಲ್ಲಿಂಗನ್ನು ಹೆದರಿಕೊಂಡು ತೆಗೆಸಬೇಡಿ. ಅದರಲ್ಲಿ ತೂಕದ ಲೆಕ್ಕದಲ್ಲಿ ಹತ್ತಿರ ಹತ್ತಿರ ಅರ್ಧ ಪಾದರಸವೇ ಇರುತ್ತದೆ, ನಿಜ. ಆದರೆ ಬೆಳ್ಳಿ, ತವರ, ತಾಮ್ರದ ಪುಡಿಯ ಜೊತೆ ಕೂಡಿ ಗಟ್ಟಿಯಾದ ಮೇಲೆ ಹೊರಬರುವುದು ಬಹಳ ಕಡಿಮೆ. ಡ್ರಿಲ್ ಹಾಕಿ ಕೊರೆಯುವಾಗಲೇ ಆವಿ ಜಾಸ್ತಿ ಬರುವುದು. ಒಡೆದಿದ್ದರೆ, ಅದರ ಕೆಳಗೆ ಹುಳುಕಾಗಿದ್ದರೆ, ಡಾಕ್ಟರ್ ಬೇಕು ಅಂದರೆ ಆಗ ತೆಗೆಸಿ. ನಿಜವಾಗಿ ಪಾದರಸದ ಆವಿ ಕುಡಿದವರು ಯಾರು ಅಂದರೆ ಆಗಿನ ಕ್ಲಿನಿಕ್ ಹುಡುಗರು. ಈಗ ಕ್ಯಾಪ್ಸೂಲ್ ಬಂದಿದೆ, ಮೆಷಿನ್ನಿಗೆ ಹಾಕಿದರೆ ಒಳಗೇ ಕಲಸಿಕೊಳ್ಳುತ್ತದೆ. ಆಗ ಗಾಜಿನ ಒರಳಿನಲ್ಲಿ ಪುಡಿಗೆ ಪಾದರಸ ಬಿಟ್ಟು ಅರೆದು, ಬಟ್ಟೆಯಲ್ಲಿ ಹಿಂಡುತ್ತಿದ್ದೆವು. ಹೆಚ್ಚಾದದ್ದು ಮಣಿ ಮಣಿಯಾಗಿ ಹೊರಬಂದು ಟೇಬಲ್ ಮೇಲೆ ಓಡುತ್ತಿತ್ತು. ಕೈಗೆ ಗ್ಲೌಸೂ ಇಲ್ಲ.

ಯುರೋಪಿಯನ್ ಯೂನಿಯನ್ನಿನ ದೇಶಗಳಲ್ಲಂತೂ 2025ರ ಜನವರಿ 1ರಿಂದಲೇ, ಡಾಕ್ಟರ್ ತೀರಾ ಬೇಕು ಅಂದ ಹೊರತು, ಪಾದರಸದ ಫಿಲ್ಲಿಂಗ್ ಬಂದ್. ಆಗಲಿ, ಒಳ್ಳೆಯದೇ. ನಾನು ಈ ಪತ್ರ ಬರೆಯುತ್ತಿರುವುದು ಬೇರೆ ವಿಷಯಕ್ಕೆ: ಬಾಯಿಗೆ ಹಾಕಿದ ಲೋಹದ, ಸಿಮೆಂಟಿನ ಹೆಸರು ಬರೆದ ಒಂದು ಚೀಟಿ ಬಿಲ್ಲಿನ ಜೊತೆ ರೋಗಿಗೆ ಸಿಗಬೇಕು ಅಂತ. ಪಾದರಸದ ಬಗ್ಗೆ ಇಷ್ಟು ವಿಚಾರಿಸಿದ ಜನರಲ್ಲಿ ಅರ್ಧಕ್ಕರ್ಧ ಮಂದಿಯ ಬಾಯಲ್ಲಿ ಕ್ಯಾಪ್ ಇತ್ತು. ಆ ಕ್ಯಾಪ್ ಯಾವ ಲೋಹದ್ದು, ಯಾವ ಸಿಮೆಂಟಿನಿಂದ ಅಂಟಿಸಿದ್ದು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಮನೆಗೆ ಹೋಗಿ ಬಿಲ್ ಹುಡುಕಿ ತಂದವರೂ ಇದ್ದಾರೆ. ಬಿಲ್ಲಿನಲ್ಲಿ "ಸೆರಾಮಿಕ್ ಕ್ಯಾಪ್ - 2" ಅಂತ ಬಿಟ್ಟರೆ ಬೇರೇನೂ ಇಲ್ಲ. ಬೈಕಿಗೆ ಬ್ಯಾಟರಿ ಹಾಕಿಸಿದರೂ ಕಂಪನಿ ಹೆಸರು, ನಂಬರು, ತಾರೀಖು ಬರೆದ ಕಾರ್ಡ್ ಕೊಡುತ್ತಾರೆ. ಹತ್ತು ಹದಿನೈದು ವರ್ಷ ಬಾಯೊಳಗೇ ಇರುವ ಲೋಹಕ್ಕೆ ಅದೂ ಇಲ್ಲ.

ಇದು ಹೇಗಾಗುತ್ತದೆ ಅಂತ ಹೇಳುತ್ತೇನೆ. ನನ್ನ ಲ್ಯಾಬಿಗೆ ಹರಿಹರ, ಜಗಳೂರು, ಹೊನ್ನಾಳಿ, ಚಿತ್ರದುರ್ಗ ಕಡೆಯಿಂದ ಅಳತೆಗಳು ಬಸ್ಸಿನಲ್ಲಿ ಬರುತ್ತವೆ. ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಅಚ್ಚು, ಜೊತೆಗೊಂದು ಲ್ಯಾಬ್ ಸ್ಲಿಪ್. ಸ್ಲಿಪ್ಪಿನಲ್ಲಿ ರೋಗಿಯ ಹೆಸರು, ವಯಸ್ಸು, ಹಲ್ಲಿನ ನಂಬರ್ (36 ಅಂದರೆ ಕೆಳಗಡೆ ಎಡಗಡೆಯ ಮೊದಲ ದವಡೆ ಹಲ್ಲು), ಬಣ್ಣದ ಶೇಡ್ ಎ2 ಅಥವಾ ಎ3, ಯಾವತ್ತು ಬೇಕು ಅನ್ನುವ ತಾರೀಖು. ಆಮೇಲೆ ಮೂರು ಚೌಕ: ಫುಲ್ ಮೆಟಲ್, ಮೆಟಲ್ ಸೆರಾಮಿಕ್, ಜಿರ್ಕೋನಿಯಾ (ಒಳಗೆ ಲೋಹವಿಲ್ಲದ, ಬಿಳಿಯ ಗಟ್ಟಿ ಸೆರಾಮಿಕ್). ಡಾಕ್ಟರ್ ಒಂದಕ್ಕೆ ಟಿಕ್ ಹಾಕಿ ಸಹಿ ಮಾಡುತ್ತಾರೆ. ಮೆಟಲ್ ಅಂದರೆ ಯಾವ ಮೆಟಲ್ ಅಂತ ಬರೆಯೋಕೆ ಜಾಗವೇ ಇಲ್ಲ. ಅದನ್ನು ನಿರ್ಧಾರ ಮಾಡುವವನು ಲ್ಯಾಬಿನವನು. ಆ ತಿಂಗಳು ಅವನ ಡಬ್ಬದಲ್ಲಿ ಯಾವುದಿದೆಯೋ ಅದು.

ಜನ "ಸೆರಾಮಿಕ್ ಕ್ಯಾಪ್" ಅಂತ ಕರೆಯುವುದರಲ್ಲೂ ಒಳಗಡೆ ಲೋಹದ ತೆಳು ಟೊಪ್ಪಿ ಇರುತ್ತದೆ, ಮೇಲೆ ಹಲ್ಲಿನ ಬಣ್ಣದ ಸೆರಾಮಿಕ್ ಸುಟ್ಟು ಕೂರಿಸಿರುತ್ತೇವೆ. ಆ ಟೊಪ್ಪಿ ನಮ್ಮ ಕಡೆ ಹೆಚ್ಚಾಗಿ ನಿಕ್ಕಲ್-ಕ್ರೋಮಿಯಂದು. ಅದರಲ್ಲಿ ನಿಕ್ಕಲ್ಲೇ ಸುಮಾರು 60 ಪರ್ಸೆಂಟ್, ಇನ್ನೊಂದು 20-25 ಕ್ರೋಮಿಯಂ, ಉಳಿದದ್ದು ಮಾಲಿಬ್ಡಿನಂ, ಸಿಲಿಕಾನ್ ಇತ್ಯಾದಿ. ಇನ್ನೊಂದು ಕೋಬಾಲ್ಟ್-ಕ್ರೋಮಿಯಂ. ಈಗ ಲೇಸರ್ ಮೆಷಿನ್ನಿನಲ್ಲಿ ಕೋಬಾಲ್ಟ್ ಪುಡಿಯನ್ನು ಪದರ ಪದರವಾಗಿ ಕರಗಿಸಿ ಟೊಪ್ಪಿ ಮಾಡುವುದೂ ಬಂದಿದೆ, ನಾವು ಡಿಎಂಎಲ್‌ಎಸ್ ಅಂತೀವಿ. ನನ್ನಂಥ ಸಣ್ಣ ಲ್ಯಾಬಿನವರು ಫೈಲ್ ಕಳಿಸಿ ದೊಡ್ಡ ಲ್ಯಾಬಿನಿಂದ ತರಿಸಿಕೊಳ್ಳುತ್ತೇವೆ. ನಿಕ್ಕಲ್ಲಿಗೂ ಕೋಬಾಲ್ಟಿಗೂ ಲ್ಯಾಬಿನ ರೇಟಿನಲ್ಲಿ ವ್ಯತ್ಯಾಸ ಕೆಲವು ನೂರು ರೂಪಾಯಿ ಅಷ್ಟೇ.

ನಿಕ್ಕಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಲಕ್ಷಾಂತರ ಜನರ ಬಾಯಲ್ಲಿ ಏನೂ ತೊಂದರೆ ಕೊಡದೆ ಕೂತಿದೆ. ಕ್ರೋಮಿಯಂ ಸಾಕಷ್ಟಿದ್ದರೆ ಲೋಹದ ಮೇಲೆ ಒಂದು ತೆಳು ಪೊರೆ ಕಟ್ಟಿಕೊಂಡು ಒಳಗಿನದ್ದು ಸವೆಯದ ಹಾಗೆ ಕಾಪಾಡುತ್ತದೆ. ಆದರೆ ಕೆಲವರಿಗೆ ನಿಕ್ಕಲ್ ಒಗ್ಗುವುದಿಲ್ಲ. ಅವರಲ್ಲಿ ಹೆಂಗಸರೇ ಜಾಸ್ತಿ. ಕಿವಿ ಚುಚ್ಚಿಸಿಕೊಂಡು ಜಾತ್ರೆಯಲ್ಲಿ ಕೊಂಡ ಓಲೆ ಹಾಕಿಕೊಂಡಾಗ ಕಿವಿ ಕೆಂಪಾಗಿ, ನೀರು ಸುರಿದು, ಕೆರೆತ ಬಂದಿದ್ದರೆ ಅದಕ್ಕೆ ಸಾಮಾನ್ಯವಾಗಿ ಕಾರಣ ನಿಕ್ಕಲ್ಲೇ. ಅಂಥವರು ಕ್ಯಾಪ್ ಹಾಕಿಸುವ ಮೊದಲೇ ಡಾಕ್ಟರ್ ಹತ್ತಿರ, "ಸರ್, ನಂಗೆ ಆರ್ಟಿಫಿಶಿಯಲ್ ಓಲೆ ಆಗಲ್ಲ" ಅಂತ ಒಂದು ಮಾತು ಹೇಳಬೇಕು. ಓಲೆಗೂ ಹಲ್ಲಿಗೂ ಏನು ಸಂಬಂಧ ಅಂತ ಯಾರಿಗೆ ಹೊಳೆಯುತ್ತದೆ?

ನನಗೆ ಪರಿಚಯದ ಡಾಕ್ಟರ್ ಹತ್ತಿರ ಒಬ್ಬ ಹೆಣ್ಣುಮಗಳು ಬಂದಿದ್ದರು. ಬೇರೆ ಊರಿನಲ್ಲಿ ಬ್ರಿಡ್ಜ್ ಹಾಕಿಸಿಕೊಂಡಿದ್ದರಂತೆ. ಬ್ರಿಡ್ಜಿನ ಸುತ್ತ ಒಸಡು ಕೆಂಪು, ತುಟಿಯ ಅಂಚಿನಲ್ಲಿ ತುರಿಕೆ. ಒಸಡು ಕೆಂಪಾದರೆ ಹತ್ತರಲ್ಲಿ ಒಂಬತ್ತು ಸಲ ಕ್ಯಾಪಿನ ಅಂಚು ಸರಿ ಕೂತಿರುವುದಿಲ್ಲ, ಇಲ್ಲಾ ಬ್ರಷ್ ಆಗುತ್ತಿರುವುದಿಲ್ಲ. ಡಾಕ್ಟರ್ ಅದನ್ನೇ ಮೊದಲು ನೋಡಿದರು. ಅಂಚು ಚೆನ್ನಾಗೇ ಇತ್ತು. ಯಾವ ಲೋಹ ಅಂತ ಕೇಳೋಕೆ ಮೊದಲು ಹಾಕಿದ ಕ್ಲಿನಿಕ್ಕಿಗೆ ಫೋನ್ ಮಾಡಿದರೆ, ಅವರು ಲ್ಯಾಬನ್ನು ಕೇಳಿ ಅಂದರು. ಲ್ಯಾಬಿನವರು ಹಳೆ ಸ್ಲಿಪ್ ಇಟ್ಟಿಲ್ಲ ಅಂದರು. ಕೊನೆಗೆ ಚರ್ಮದ ಡಾಕ್ಟರ್ ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದಾಗ ನಿಕ್ಕಲ್ ಅಂತ ಬಂತು. ಬ್ರಿಡ್ಜ್ ಕೊಯ್ದು ತೆಗೆದು ಜಿರ್ಕೋನಿಯಾ ಹಾಕಿದ ಮೇಲೆ ತುರಿಕೆ ನಿಂತಿತು. ಹಾಕಿದ ದಿನವೇ ಲೋಹದ ಹೆಸರು ಬರೆದುಕೊಟ್ಟಿದ್ದರೆ ಅಷ್ಟು ಓಡಾಟ, ಅಷ್ಟು ಖರ್ಚು ಇರುತ್ತಿರಲಿಲ್ಲ.

ಲೋಹದ ಡಬ್ಬದ ಮೇಲೆ ಎಲ್ಲ ಬರೆದಿರುತ್ತದೆ. ಹಲ್ಲಿನ ಲೋಹಗಳಿಗೆ ಐಎಸ್‌ಒ 22674 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಬೆರಿಲಿಯಂ, ಕ್ಯಾಡ್ಮಿಯಂ 0.02 ಪರ್ಸೆಂಟ್ ಮೀರುವ ಹಾಗಿಲ್ಲ. ನಿಕ್ಕಲ್ 0.1 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಡಬ್ಬದ ಮೇಲೆ ಹೇಳಲೇಬೇಕು. ಅಂದರೆ ಮಾಹಿತಿ ಕಂಪನಿಯಿಂದ ನನ್ನ ಟೇಬಲ್ ತನಕ ಸರಿಯಾಗಿ ಬರುತ್ತದೆ. ಅಲ್ಲಿಂದ ಮುಂದೆ, ಬಾಯಿಗೆ ಹಾಕಿಸಿಕೊಳ್ಳುವವರ ತನಕ ಹೋಗುವುದಿಲ್ಲ.

ಬೆರಿಲಿಯಂ ಅಂದೆನಲ್ಲ, ಅದು ನಮ್ಮ ಕೆಲಸದವರ ಸಂಕಟ. ಮುಂಚೆ ನಿಕ್ಕಲ್ ಲೋಹಕ್ಕೆ ಪರ್ಸೆಂಟ್ ಎರಡರಷ್ಟು ಬೆರಿಲಿಯಂ ಬೆರೆಸುತ್ತಿದ್ದರು. ಲೋಹ ಸುಲಭವಾಗಿ ಕರಗಿ ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತಿತ್ತು, ಸೆರಾಮಿಕ್ಕೂ ಚೆನ್ನಾಗಿ ಹಿಡಿಯುತ್ತಿತ್ತು. ಆದರೆ ಅದನ್ನು ಉಜ್ಜಿದಾಗ ಬರುವ ಧೂಳು ಶ್ವಾಸಕೋಶಕ್ಕೆ ವಿಷ. ನಾನು ಕೆಲಸ ಕಲಿತ ಲ್ಯಾಬಿನಲ್ಲಿ ಧೂಳು ಎಳೆಯುವ ಸಕ್ಷನ್ ಇರಲಿಲ್ಲ. ಟೇಬಲ್ ಫ್ಯಾನ್ ಇತ್ತು, ಅದು ನನ್ನ ಧೂಳನ್ನು ಪಕ್ಕದವನ ಮುಖಕ್ಕೆ ಹೊಡೆಯುತ್ತಿತ್ತು. ಅಚ್ಚಿಗೆ ಬಳಸುವ ಪುಡಿಯಲ್ಲಿ ಸಿಲಿಕಾ ಬೇರೆ. ಈಗ ಬೆರಿಲಿಯಂ ಇಲ್ಲದ ಲೋಹ ಸಲೀಸಾಗಿ ಸಿಗುತ್ತದೆ. ಹೆಸರೂ ಲೇಬಲ್ಲೂ ಇಲ್ಲದ ಅಗ್ಗದ ಲೋಹದ ಗಟ್ಟಿ ಕೊಂಡವನಿಗೆ ಮಾತ್ರ ಒಳಗೇನಿದೆ ಅಂತ ಹೇಳುವವರಿಲ್ಲ. ಲೋಹದ ಹೆಸರು ಬರೆದೇ ಕೊಡಬೇಕು ಅಂತಾದರೆ ಅಂಥ ಗಟ್ಟಿ ಯಾರೂ ಕೊಳ್ಳುವುದಿಲ್ಲ. ರೋಗಿಗೆ ಎಷ್ಟು ಲಾಭವೋ ಉಜ್ಜುವ ಹುಡುಗನಿಗೂ ಅಷ್ಟೇ ಲಾಭ.

ಇನ್ನೊಂದು ಒಳಗಿನ ಮಾತು. ಎರಕ ಹೊಯ್ದ ಮೇಲೆ ಕ್ಯಾಪಿನ ಹಿಂದೆ ಒಂದು ಲೋಹದ ಉಂಡೆ ಉಳಿಯುತ್ತದೆ. ನಾವು ಬಟನ್ ಅಂತೀವಿ. ಅದನ್ನು ಇನ್ನೊಮ್ಮೆ ಕರಗಿಸಬಹುದು, ಆದರೆ ಕಡೇ ಪಕ್ಷ ಅರ್ಧದಷ್ಟು ಹೊಸ ಲೋಹ ಸೇರಿಸಬೇಕು ಅಂತ ನಮಗೆ ಕಲಿಸಿದ್ದಾರೆ. ಬೇರೆ ಬೇರೆ ಕಂಪನಿಯ ಬಟನ್‌ಗಳನ್ನು ಒಂದೇ ಡಬ್ಬಕ್ಕೆ ಹಾಕಿಟ್ಟು, ಬೇಕಾದಾಗ ಕೈಗೆ ಸಿಕ್ಕಿದ್ದು ಕರಗಿಸುವವರೂ ಇದ್ದಾರೆ. ಅಂಥ ಕ್ಯಾಪಿನಲ್ಲಿ ಏನಿದೆ ಅಂತ ಮಾಡಿದವನಿಗೂ ಗೊತ್ತಿರುವುದಿಲ್ಲ. ಚೀಟಿಯ ಮೇಲೆ ಲಾಟ್ ನಂಬರ್ (ಆ ಲೋಹ ಕಂಪನಿಯ ಯಾವ ಕಂತಿನದ್ದು ಅನ್ನುವ ನಂಬರ್) ಬರೆಯಬೇಕು ಅಂತಾದರೆ ಈ ಕಲಬೆರಕೆ ತಾನಾಗೇ ನಿಲ್ಲುತ್ತದೆ.

ಸಿಮೆಂಟಿನ ಹೆಸರು ಯಾಕೆ ಬೇಕು ಅಂತ ಕೇಳಬಹುದು. ಕ್ಯಾಪ್ ಬಿದ್ದಾಗ, ಇಲ್ಲಾ ತೆಗೆಯಬೇಕಾದಾಗ ಬೇಕು.

ನಾನು ಕಲಸುತ್ತಿದ್ದ ಕಾಲಕ್ಕೆ ಜಿಂಕ್ ಫಾಸ್ಫೇಟ್ ಸಿಮೆಂಟೇ ಎಲ್ಲ ಕಡೆ. ಜಿಂಕ್ ಆಕ್ಸೈಡ್ ಪುಡಿ, ಫಾಸ್ಫಾರಿಕ್ ಆಸಿಡ್ ದ್ರವ. ಕಲಸುವಾಗ ಬಿಸಿ ಏಳುತ್ತದೆ, ಬಿಸಿಯಾದರೆ ಬೇಗ ಗಟ್ಟಿಯಾಗುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ಲ. ದಪ್ಪ ಗಾಜಿನ ಪಟ್ಟಿಯನ್ನು ಮಣ್ಣಿನ ಹೂಜಿಯ ನೀರಿನಲ್ಲಿ ಅದ್ದಿ, ಒಂದು ಹನಿಯೂ ಉಳಿಯದ ಹಾಗೆ ಒರೆಸಿ, ಪುಡಿಯನ್ನು ಸಣ್ಣ ಸಣ್ಣ ಪಾಲು ಮಾಡಿ, ಒಂದೊಂದೇ ಪಾಲನ್ನು ದ್ರವಕ್ಕೆ ಎಳೆದು, ಗಾಜಿನ ತುಂಬ ಅಗಲವಾಗಿ ಉಜ್ಜಬೇಕು. ಒಂದೂವರೆ ನಿಮಿಷ. ಸ್ಪಾಚುಲಾ (ಕಲಸುವ ಚಪ್ಪಟೆ ಕಡ್ಡಿ) ಮೇಲೆತ್ತಿದರೆ ಸಿಮೆಂಟು ಇಂಚಿನಷ್ಟು ಎಳೆಯಾಗಿ ಬಂದು ತುಂಡಾಗಬೇಕು. ಆಗ ಡಾಕ್ಟರ್ ಕೈ ಚಾಚುತ್ತಿದ್ದರು. ಈ ಸಿಮೆಂಟು ಹಲ್ಲಿಗೆ ಅಂಟುವುದೇ ಇಲ್ಲ, ಹಲ್ಲಿನ ಮತ್ತು ಲೋಹದ ಒರಟು ಸಂದಿಗಳಲ್ಲಿ ಗಟ್ಟಿಯಾಗಿ ಕೂತು ಹಿಡಿದಿಡುತ್ತದೆ. ಹಾಗಾಗಿ ತೆಗೆಯಬೇಕಾದರೆ ತಟ್ಟಿ ತೆಗೆಯಬಹುದು.

ಆಮೇಲೆ ಗಾಜಿನ ಪುಡಿಯಿಂದ ಮಾಡುವ ಗ್ಲಾಸ್ ಅಯನೋಮರ್ ಸಿಮೆಂಟ್ ನಮ್ಮ ಕಡೆಗೂ ಬಂತು. ಲಂಡನ್ನಿನ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ವಿಲ್ಸನ್ ಮತ್ತು ಕೆಂಟ್ ಅನ್ನುವವರು ಕಂಡುಹಿಡಿದದ್ದು, 1972ರ ಹೊತ್ತಿಗೆ ಪ್ರಕಟವಾಯಿತು. ಇದು ಹಲ್ಲಿನ ಕ್ಯಾಲ್ಸಿಯಂ ಜೊತೆ ತಾನೇ ಅಂಟುತ್ತದೆ, ಸ್ವಲ್ಪ ಸ್ವಲ್ಪ ಫ್ಲೋರೈಡ್ ಬಿಡುತ್ತದೆ. ಇದನ್ನು ಕಾಗದದ ಪ್ಯಾಡಿನ ಮೇಲೆ ಪ್ಲಾಸ್ಟಿಕ್ ಸ್ಪಾಚುಲಾದಿಂದ ಸರಸರ ಕಲಸಬೇಕು. ಸ್ಟೀಲಿನದ್ದಾದರೆ ಗಾಜಿನ ಪುಡಿ ಅದನ್ನೇ ಉಜ್ಜಿ ಸಿಮೆಂಟು ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೇಲೆ ಹೊಳಪು ಇರುವಾಗಲೇ ಕ್ಯಾಪ್ ಕೂರಿಸಬೇಕು, ಮಂಕಾದರೆ ಬಿಸಾಡಿ ಹೊಸದಾಗಿ ಕಲಸುವುದೇ.

ಮೂರನೆಯದು ರೆಸಿನ್, ಪ್ಲಾಸ್ಟಿಕ್ ಜಾತಿಯ ಸಿಮೆಂಟ್. ಇದರ ಬೇರು 1955ರಲ್ಲಿದೆ. ಅಮೆರಿಕದ ಬ್ಯೂನೊಕೋರ್ ಹಲ್ಲಿನ ಎನಾಮಲ್ಲಿಗೆ ಆಸಿಡ್ ಹಚ್ಚಿ ತೊಳೆದರೆ ಪ್ಲಾಸ್ಟಿಕ್ ಗಟ್ಟಿಯಾಗಿ ಹಿಡಿಯುತ್ತದೆ ಅಂತ ತೋರಿಸಿದ. ಈಗ ಕ್ಲಿನಿಕ್ಕಿನಲ್ಲಿ ನೀಲಿ ಜೆಲ್ ಹಚ್ಚಿ, ಅರ್ಧ ನಿಮಿಷದೊಳಗೆ ತೊಳೆದು, ಗಾಳಿ ಹೊಡೆದಾಗ ಹಲ್ಲು ಸುಣ್ಣದ ಹಾಗೆ ಬಿಳುಪಾಗುತ್ತದಲ್ಲ, ಅದೇ. ರೆಸಿನ್ ಹಾಕಿ ಕೂರಿಸಿದ ಕ್ಯಾಪ್ ತಟ್ಟಿದರೆ ಬರುವುದಿಲ್ಲ, ಕೊಯ್ದೇ ತೆಗೆಯಬೇಕು. ಜೊತೆಗೆ ಪ್ರತಿಯೊಂದಕ್ಕೂ ಬೇರೆ ಬೇರೆ ತಯಾರಿ. ನಿಕ್ಕಲ್ ಕ್ಯಾಪಿನ ಒಳಗೆ ಅಲ್ಯೂಮಿನಾ ಪುಡಿಯನ್ನು ಗಾಳಿಯಲ್ಲಿ ಹೊಡೆದು ಲೋಹಕ್ಕೆ ರೆಸಿನ್ ಹಿಡಿಯುವಂತೆ ಮಾಡುವ ಪ್ರೈಮರ್ ಹಚ್ಚಬೇಕು. ಜಿರ್ಕೋನಿಯಾ ಕ್ಲಿನಿಕ್ಕಿನಲ್ಲಿ ಬಳಸುವ ಆಸಿಡ್ಡಿಗೆ ಜಗ್ಗುವುದಿಲ್ಲ, ಅದಕ್ಕೂ ಪ್ರೈಮರ್ರೇ ಗತಿ. ಗಾಜಿನ ಜಾತಿಯ ಸೆರಾಮಿಕ್ಕಿಗಾದರೆ ಹೈಡ್ರೋಫ್ಲೋರಿಕ್ ಆಸಿಡ್ ಮತ್ತು ಸೈಲೇನ್ ಅನ್ನುವ, ರೆಸಿನ್ ಹಿಡಿಸುವ ದ್ರವ. ಅದೂ ಅಲ್ಲದೆ, ಮೊದಲು ಲವಂಗದೆಣ್ಣೆಯ ವಾಸನೆಯ ತಾತ್ಕಾಲಿಕ ಸಿಮೆಂಟ್ ಹಾಕಿದ್ದರೆ ಅದನ್ನು ಪೂರ್ತಿ ತೆಗೆಯದೆ ರೆಸಿನ್ ಹಾಕುವ ಹಾಗಿಲ್ಲ. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಅನ್ನುವ ಅಂಶ ರೆಸಿನ್ ಗಟ್ಟಿಯಾಗೋಕೆ ಬಿಡುವುದಿಲ್ಲ.

ಈಗ ಯೋಚಿಸಿ. ಶಿವಮೊಗ್ಗದಲ್ಲಿ ಕ್ಯಾಪ್ ಹಾಕಿಸಿದವರು ಮಗಳ ಮನೆಗೆ ಅಂತ ಬೆಂಗಳೂರಿಗೆ ಹೋದಾಗ ಕ್ಯಾಪ್ ಬಿತ್ತು. ಕಾಗದದಲ್ಲಿ ಸುತ್ತಿ ಅಲ್ಲಿನ ಡಾಕ್ಟರ್ ಹತ್ತಿರ ಒಯ್ಯುತ್ತಾರೆ. (ಫೆವಿಕ್ವಿಕ್ ಹಚ್ಚಿ ತಾವೇ ಕೂರಿಸಿಕೊಂಡು, ಸೊಟ್ಟ ಕೂತು, ಆಮೇಲೆ ಬರುವವರೂ ಇದ್ದಾರೆ. ದಯವಿಟ್ಟು ಬೇಡ.) ಆ ಡಾಕ್ಟರಿಗೆ ಕ್ಯಾಪ್ ಯಾವುದರದ್ದು, ಒಳಗೆ ಉಳಿದಿರುವ ಸಿಮೆಂಟ್ ಯಾವುದು ಅಂತ ಕಣ್ಣಲ್ಲಿ ನೋಡಿ ಅಂದಾಜು ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲ. ಎಂಆರ್‌ಐ ಮಾಡಿಸುವಾಗಲೂ ಇದೇ ಕಥೆ. ಮೈಯಲ್ಲಿ ಲೋಹ ಇದೆಯಾ ಅಂತ ಫಾರಂನಲ್ಲಿ ಕೇಳುತ್ತಾರೆ. ಗಟ್ಟಿಯಾಗಿ ಕೂತ ಕ್ಯಾಪಿನಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ದವಡೆ, ತಲೆಯ ಚಿತ್ರದಲ್ಲಿ ಕೋಬಾಲ್ಟ್, ನಿಕ್ಕಲ್ ಲೋಹಗಳ ಸುತ್ತ ಕಪ್ಪಾಗಿ ಕಲೆ ಬಂದು, ನೋಡಬೇಕಾದ ಜಾಗವೇ ಮುಚ್ಚಿಹೋಗಬಹುದು. ಯಾವ ಲೋಹ ಅಂತ ಮೊದಲೇ ಗೊತ್ತಿದ್ದರೆ ಸ್ಕ್ಯಾನ್ ಮಾಡುವವರಿಗೂ ಅನುಕೂಲ.

ಇದೆಲ್ಲ ಕಷ್ಟದ ಕೆಲಸವಾ? ಇಲ್ಲ. ಜಿರ್ಕೋನಿಯಾ ಕ್ಯಾಪಿಗೆ ಆಗಲೇ ನಡೆಯುತ್ತಿದೆ. ಅದಕ್ಕೆ ಕಂಪನಿಗಳು ಎಟಿಎಂ ಕಾರ್ಡಿನಷ್ಟು ಗಾತ್ರದ ಕಾರ್ಡ್ ಕೊಡುತ್ತವೆ. ಹೆಸರು, ಹಲ್ಲಿನ ನಂಬರು, ಇಷ್ಟು ವರ್ಷ ಗ್ಯಾರಂಟಿ ಅಂತ ಎಲ್ಲ ಇರುತ್ತದೆ. ಜಾಸ್ತಿ ದುಡ್ಡು ಕೊಟ್ಟವರಿಗೆ ಕಾರ್ಡ್ ಉಂಟು, ನಿಕ್ಕಲ್ ಕ್ಯಾಪ್ ಹಾಕಿಸಿಕೊಂಡ ಹಮಾಲಿಗೆ, ಅಂಗನವಾಡಿ ಟೀಚರಿಗೆ ಒಂದು ಚೀಟಿಯೂ ಇಲ್ಲ. ಅಲರ್ಜಿಯ ಪ್ರಶ್ನೆ ಬರುವುದು ಮುಖ್ಯವಾಗಿ ಈ ಅಗ್ಗದ ಕ್ಯಾಪಿನಲ್ಲೇ. ನನಗೆ ಸಿಟ್ಟು ಬರುವುದು ಇಲ್ಲೇ. ಯುರೋಪಿನಲ್ಲಿ ಒಬ್ಬ ರೋಗಿಗೆ ಅಂತಲೇ ಮಾಡಿದ ಕ್ಯಾಪಿಗೆ, ಅಗ್ಗದ್ದೇ ಇರಲಿ ದುಬಾರಿಯದ್ದೇ ಇರಲಿ, ಮಾಡಿದವರು ಒಂದು ಹೇಳಿಕೆ ಬರೆದು ಜೊತೆಗಿಡಬೇಕು, ಅದು ರೋಗಿಗೆ ಸಿಗುವಂತಿರಬೇಕು ಅಂತ ಕಾನೂನೇ ಇದೆ.

ನಾನು ಕೇಳುವುದು ಅಂಗೈಯಗಲದ ಒಂದು ಚೀಟಿ. ಲ್ಯಾಬಿನವನು ಲೋಹದ ಹೆಸರು, ನಿಕ್ಕಲ್ ಇದೆಯೋ ಇಲ್ಲವೋ, ಲಾಟ್ ನಂಬರ್ ಬರೆದು ಡಬ್ಬದಲ್ಲಿಡಲಿ. ಕೂರಿಸಿದ ದಿನ ಡಾಕ್ಟರ್ ಅದರ ಕೆಳಗೆ ಸಿಮೆಂಟಿನ ಹೆಸರು, ತಾರೀಖು ಬರೆದು ಬಿಲ್ಲಿನ ಜೊತೆ ಪಿನ್ ಮಾಡಲಿ. ಫಿಲ್ಲಿಂಗಿಗೂ ಇಷ್ಟೇ: ಸಿಲ್ವರೋ, ಗ್ಲಾಸ್ ಅಯನೋಮರೋ, ಹಲ್ಲಿನ ಬಣ್ಣದ ರೆಸಿನ್ ಆದ ಕಾಂಪೊಸಿಟೋ. ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು. ಕರ್ನಾಟಕ ರಾಜ್ಯ ದಂತ ಪರಿಷತ್ತು ಇಂಥದ್ದೊಂದು ನಮೂನೆ ಮಾಡಿ ಎಲ್ಲ ಕ್ಲಿನಿಕ್ಕಿಗೂ ಕಳಿಸಬಹುದು. ನಮ್ಮದು ಎರಡು ಡೆಂಟಲ್ ಕಾಲೇಜು ಇರುವ ಊರು, ದಿನಾ ಎಷ್ಟೋ ಹಳ್ಳಿಯವರು ಅಲ್ಲಿಗೆ ಬರುತ್ತಾರೆ. ಮೊದಲು ಇಲ್ಲೇ ಶುರು ಮಾಡಲಿ, ಓದುವ ಹುಡುಗರಿಗೂ ಅಭ್ಯಾಸವಾಗುತ್ತದೆ.

ಡಾಕ್ಟರ್‌ಗಳ ಮೇಲೆ ದೂರು ಹೇಳೋಕೆ ಇದನ್ನು ಬರೆದಿಲ್ಲ. ಅವರಿಂದಲೇ ನನ್ನ ಮನೆ ನಡೆಯುತ್ತಿರುವುದು. ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ಪಕ್ಕದ ಬೀದಿಯವರು ಐವತ್ತು ರೂಪಾಯಿ ಕಡಿಮೆ ಹೇಳಿದರೆ ರೋಗಿ ಅಲ್ಲಿಗೆ ಹೋಗಿಬಿಡುತ್ತಾರೆ ಅನ್ನುವುದೂ ಗೊತ್ತು. ಈ ಚೀಟಿ ನಾನಾಗಲೇ ಶುರು ಮಾಡಿದ್ದೇನೆ. ಕೆಲವು ಡಾಕ್ಟರ್‌ಗಳು ರೋಗಿಗೆ ಕೊಡುತ್ತಿದ್ದಾರೆ. ಕೆಲವರ ಖಾಲಿ ಡಬ್ಬ ವಾಪಸ್ ಬಂದಾಗ ಚೀಟಿ ಮಡಿಸಿದ ಹಾಗೇ ಒಳಗಿರುತ್ತದೆ. ಒಬ್ಬರು ಫೋನ್ ಮಾಡಿ, "ಇದನ್ನ ಕೊಟ್ರೆ ನಿಕ್ಕಲ್ ಅಂದ್ರೇನು, ಕೋಬಾಲ್ಟ್ ಯಾಕೆ ಹಾಕಿಲ್ಲ ಅಂತ ಪ್ರಶ್ನೆ ಕೇಳ್ತಾರಪ್ಪಾ" ಅಂದರು. ಕೇಳಲಿ ಬಿಡಿ ಸರ್ ಅಂದೆ. ನಿಕ್ಕಲ್ ಬೇಡ ಅಂದವರಿಗೆ ಕೋಬಾಲ್ಟಿನಲ್ಲಿ ಮಾಡಿಕೊಡೋಕೆ ನಾನು ತಯಾರಿದ್ದೇನೆ, ಎರಡು ದಿನ ಜಾಸ್ತಿ ಕೊಡಬೇಕು ಅಷ್ಟೇ.

ಇಂತಿ,
ಒಬ್ಬ ಡೆಂಟಲ್ ಟೆಕ್ನೀಷಿಯನ್
ದಾವಣಗೆರೆ